ಟಿಕೆಟ್ ಕೊಡುವ ಮುಂಚೆ ಅವರ ಡ್ರೈವರ್‌ನ ಒಂದು ಮಾತು ಕೇಳಿ: ಪಕ್ಷಗಳ ರಾಜ್ಯಾಧ್ಯಕ್ಷರಿಗೆ ಬಹಿರಂಗ ಪತ್ರ

ಗೆ,
ರಾಜ್ಯಾಧ್ಯಕ್ಷರು ಮತ್ತು ಅಭ್ಯರ್ಥಿ ಆಯ್ಕೆ ಸಮಿತಿಯ ಸದಸ್ಯರು,
ಕರ್ನಾಟಕದ ಎಲ್ಲ ರಾಜಕೀಯ ಪಕ್ಷಗಳು

ವಿಷಯ: ಅಭ್ಯರ್ಥಿಗಳನ್ನು ಆರಿಸುವ ಮುಂಚೆ ಅವರ ಕೈಕೆಳಗೆ ಕೆಲಸ ಮಾಡಿದವರನ್ನು ವಿಚಾರಿಸುವ ಬಗ್ಗೆ

ಮಾನ್ಯರೇ,

ನಮಸ್ಕಾರ. ನಾನು ಬಯಲುಸೀಮೆಯ ತಾಲೂಕು ಪಂಚಾಯತಿ ಕಚೇರಿಯೊಂದರಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಯಾವ ಪಕ್ಷದ ಸದಸ್ಯನೂ ಅಲ್ಲ. ನೌಕರಿಯಲ್ಲಿದ್ದಾಗ ಆಗುವಂತಿರಲಿಲ್ಲ, ಈಗ ಆಗಬೇಕು ಅನಿಸುತ್ತಿಲ್ಲ. ನಿಮ್ಮ ಬಹುತೇಕ ಪಕ್ಷಗಳ ಶಾಸಕರನ್ನು ಹತ್ತಿರದಿಂದ ನೋಡಿದ್ದೇನೆ. ಫೈಲು ಹಿಡಿದುಕೊಂಡು ಬಾಗಿಲ ಪಕ್ಕ ನಿಂತು ನೋಡಿದ್ದು. ಅಲ್ಲಿಂದ ಕಾಣುವುದು ನೀವು ಕೂತ ಜಾಗದಿಂದ ಕಾಣುವುದಿಲ್ಲ. ಅದನ್ನು ನಿಮಗೆ ಹೇಳೋಣ ಅಂತ ಈ ಪತ್ರ.

ಈಗೀಗ ಜನಪ್ರತಿನಿಧಿಯೊಬ್ಬರು ಅಧಿಕಾರಿಗೆ ಬೈದ ಆಡಿಯೋ, ಯಾರಿಗೋ ಕಪಾಳಕ್ಕೆ ಬಾರಿಸಿದ ವಿಡಿಯೋ ಮೊಬೈಲಿಗೆ ಬಂದರೆ ಯಾರಿಗೂ ಆಶ್ಚರ್ಯ ಆಗುವುದಿಲ್ಲ. ನೋಡಿದವರು 'ಹುಚ್ಚ', 'ಸೈಕೋ', 'ನಿಮ್ಹಾನ್ಸ್‌ಗೆ ಸೇರಿಸಿ' ಅಂತ ಬೈದು ಸುಮ್ಮನಾಗುತ್ತಾರೆ. ನನಗೆ ಈ ಬೈಗುಳ ಹಿಡಿಸುವುದಿಲ್ಲ. ಒಂದು ಬೆಳಿಗ್ಗೆ ನಿಮ್ಹಾನ್ಸ್ ಓಪಿಡಿ ಮುಂದೆ ಹೋಗಿ ನಿಂತು ನೋಡಿ. ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ರಾತ್ರಿ ಬಸ್ ಹತ್ತಿ ಬಂದು ಚೀಟಿಗೆ ಕಾಯುತ್ತಿರುವ ಜನ ಯಾರಿಗೂ ಕೇಡು ಬಗೆದವರಲ್ಲ. ಅವರ ಕಾಯಿಲೆಯ ಹೆಸರನ್ನು ತಂದು ದರ್ಪದ ಮನುಷ್ಯನಿಗೆ ಅಂಟಿಸುವುದು ಅವರಿಗೆ ಮಾಡುವ ಅನ್ಯಾಯ.

ಅದೂ ಅಲ್ಲದೆ, ನಾನು ಹೇಳಹೊರಟಿರುವ ಮನುಷ್ಯನಿಗೆ ಬುದ್ಧಿ ಚೆನ್ನಾಗಿಯೇ ಇರುತ್ತದೆ. ನಮ್ಮ ಸಂವಿಧಾನದ 102 ಮತ್ತು 191ನೇ ವಿಧಿಗಳ ಪ್ರಕಾರ, ಬುದ್ಧಿ ಸ್ವಾಧೀನದಲ್ಲಿಲ್ಲ ಅಂತ ಕೋರ್ಟ್ ಘೋಷಿಸಿದವರು ಸಂಸದ, ಶಾಸಕ ಆಗುವಂತಿಲ್ಲ. ಈ ಮನುಷ್ಯ ಆ ಬಲೆಗೆ ಯಾವತ್ತೂ ಬೀಳುವವನಲ್ಲ. ಲೆಕ್ಕಾಚಾರದಲ್ಲಿ ಪಕ್ಕಾ. ಯಾರ ಮುಂದೆ ಎಷ್ಟು ಬಾಗಬೇಕು, ಯಾರ ಮುಂದೆ ಬಾಗಬಾರದು ಅನ್ನುವುದು ಗೊತ್ತು. ಇಲ್ಲದಿರುವುದು ಒಂದೇ. ಎದುರಿಗಿರುವವನಿಗೆ ನೋವಾದರೆ ಅದು ಒಳಗೆ ತಟ್ಟುವುದಿಲ್ಲ.

ಮನೋವೈದ್ಯರು ಇದನ್ನು ಸಮಾಜವಿರೋಧಿ ವ್ಯಕ್ತಿತ್ವ ಅನ್ನುತ್ತಾರೆ. ಸಮಾಜವಿರೋಧಿ ಅಂದ ಕೂಡಲೇ ಮಚ್ಚು ಹಿಡಿದ ರೌಡಿ ಕಣ್ಣ ಮುಂದೆ ಬರುತ್ತಾನೆ. ವೈದ್ಯರು ನೋಡುವುದು ಬೇರೆ: ಸಲೀಸಾಗಿ ಮತ್ತೆ ಮತ್ತೆ ಸುಳ್ಳು ಹೇಳುವುದು, ಜನರನ್ನು ಬಳಸಿ ಬಿಸಾಕುವುದು, ಬೇರೆಯವರ ಜೀವಕ್ಕೆ ಬೆಲೆ ಕೊಡದಿರುವುದು, ಮಾಡಿದ್ದಕ್ಕೆ ಒಂದಿಷ್ಟೂ ಪಶ್ಚಾತ್ತಾಪ ಇಲ್ಲದಿರುವುದು. ಅದೂ ಒಂದು ದಿನದ ಸಿಟ್ಟಿನಲ್ಲಿ ಆದದ್ದು ಲೆಕ್ಕಕ್ಕಿಲ್ಲ. 15 ವರ್ಷ ತುಂಬುವ ಮುಂಚಿನಿಂದ ನಡೆದು ಬಂದ ಚಾಳಿ ಇರಬೇಕು. ಕೆನಡಾದ ಮನಶ್ಶಾಸ್ತ್ರಜ್ಞ ರಾಬರ್ಟ್ ಹೇರ್ ಇದರ ತೀವ್ರ ರೂಪವನ್ನು ಅಳೆಯಲು 20 ಅಂಶಗಳ ಪಟ್ಟಿ ಮಾಡಿದರು. ಒಂದೊಂದಕ್ಕೆ 2 ಅಂಕ, ಒಟ್ಟು 40. ಅದರಲ್ಲಿ ಮೊದಲಿಗೇ ಬರುವ ಅಂಶ ಯಾವುದು ಗೊತ್ತಾ? ನಯವಾದ ಮಾತು, ಮೇಲುಮೇಲಿನ ಆಕರ್ಷಣೆ.

ಆ ಪಟ್ಟಿಯ ಬಗ್ಗೆ ನನಗೆ ತುಂಬಾ ಹಿಡಿಸಿದ ಸಂಗತಿ ಇನ್ನೊಂದಿದೆ. ಎದುರು ಕೂರಿಸಿಕೊಂಡು ಮಾತಾಡಿಸಿ ಅಂಕ ಹಾಕಿದರೆ ಸಾಲದು. ಹಳೆಯ ಕಡತ ನೋಡಬೇಕು, ಬೇರೆ ಕಡೆಯ ಮಾಹಿತಿ ತರಿಸಬೇಕು. ಯಾಕೆಂದರೆ ಇಂಥವರು ಮಾತಿನಲ್ಲಿ ಯಾರನ್ನು ಬೇಕಾದರೂ ಒಲಿಸಿಕೊಳ್ಳುತ್ತಾರೆ, ಡಾಕ್ಟರನ್ನೂ ಸೇರಿಸಿ. ಓದಿ ತರಬೇತಿ ಪಡೆದ ತಜ್ಞರೇ ಬರೀ ಸಂದರ್ಶನ ನಂಬುವುದಿಲ್ಲ. ನೀವು ಕುಮಾರಕೃಪಾ ಪಕ್ಕದ ಹೋಟೆಲಿನಲ್ಲೋ ದೆಹಲಿಯ ಕರ್ನಾಟಕ ಭವನದಲ್ಲೋ ಹತ್ತು ನಿಮಿಷ ಮಾತಾಡಿಸಿ 'ಒಳ್ಳೇ ಹುಡುಗ' ಅಂತ ಬಿ ಫಾರಂ ಕೊಡುತ್ತೀರಿ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಥ ನಾಯಕನಿಗೆ ಇಂಥ ಕಾಯಿಲೆ ಅಂತ ಈ ಪತ್ರದಲ್ಲಿ ಎಲ್ಲೂ ಬರೆಯುವುದಿಲ್ಲ. ಅದು ನನ್ನ ಕೆಲಸ ಅಲ್ಲ, ದೂರದಿಂದ ನೋಡಿದ ಡಾಕ್ಟರ ಕೆಲಸವೂ ಅಲ್ಲ. 1964ರಲ್ಲಿ ಅಮೆರಿಕದಲ್ಲಿ ಬ್ಯಾರಿ ಗೋಲ್ಡ್‌ವಾಟರ್ ಅಧ್ಯಕ್ಷ ಚುನಾವಣೆಗೆ ನಿಂತಿದ್ದರು. ಒಂದು ಪತ್ರಿಕೆ ಸಾವಿರಾರು ಮನೋವೈದ್ಯರಿಗೆ ಕಾಗದ ಬರೆದು, ಈತನ ಮನಸ್ಸು ಅಧ್ಯಕ್ಷ ಪದವಿಗೆ ಸರಿಯಿದೆಯೇ ಅಂತ ಕೇಳಿತು. 1,189 ಮಂದಿ ಸರಿಯಿಲ್ಲ ಅಂದರು. ಅವರಲ್ಲಿ ಯಾರೂ ಆತನನ್ನು ಪರೀಕ್ಷೆ ಮಾಡಿರಲಿಲ್ಲ. ಗೋಲ್ಡ್‌ವಾಟರ್ ಕೋರ್ಟಿಗೆ ಹೋಗಿ ಗೆದ್ದರು. ಪರೀಕ್ಷೆ ಮಾಡದೆ ಸಾರ್ವಜನಿಕ ವ್ಯಕ್ತಿಗಳ ಬಗ್ಗೆ ಹಾಗೆ ಹೇಳಬಾರದು ಅಂತ ಅಲ್ಲಿನ ಮನೋವೈದ್ಯರ ಸಂಘ 1973ರಲ್ಲಿ ನಿಯಮವನ್ನೇ ಮಾಡಿತು. ಸರಿಯಾದ ನಿಯಮ. ಹಾಗಾಗಿ ನಾನು ನಡವಳಿಕೆಯ ಬಗ್ಗೆ ಮಾತ್ರ ಹೇಳುತ್ತೇನೆ. ಕಣ್ಣಲ್ಲಿ ಕಂಡದ್ದಕ್ಕೆ ಡಾಕ್ಟರ ಸರ್ಟಿಫಿಕೇಟ್ ಬೇಡ, ಅಲ್ವಾ?

ಕಂಡದ್ದು ಇದು. ನಮ್ಮ ತಾಲೂಕು ಪಂಚಾಯತಿ ಸಭಾಂಗಣದಲ್ಲಿ ಕೆಡಿಪಿ ಸಭೆ, ಅಂದರೆ ಇಲಾಖೆಗಳ ಕೆಲಸದ ಪ್ರಗತಿ ನೋಡುವ ಸಭೆ. ಶಾಸಕರೇ ಅಧ್ಯಕ್ಷರು. ಇಲಾಖೆಯವರು ಒಬ್ಬೊಬ್ಬರಾಗಿ ಎದ್ದು ವರದಿ ಓದುತ್ತಿದ್ದರು. ಕುಡಿಯುವ ನೀರಿನ ಇಲಾಖೆಯ ಸರದಿ ಬಂತು. ಇಂಜಿನಿಯರ್ ಹೊಸದಾಗಿ ಬಂದಿದ್ದ ಹುಡುಗಿ. ಫ್ಲೋರೈಡ್ ಇರುವ ಕೆಲವು ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕ ನಿಂತುಹೋಗಿದೆ, ಗುತ್ತಿಗೆದಾರರು ಮೆಂಬ್ರೇನ್ ಬದಲಿಸಿಲ್ಲ, ನೋಟಿಸ್ ಕೊಟ್ಟಿದ್ದೇವೆ ಅಂತ ಇದ್ದದ್ದನ್ನು ಇದ್ದ ಹಾಗೆ ಓದಿದಳು. ಆ ಗುತ್ತಿಗೆದಾರ ಯಾರ ಕಡೆಯವನು ಅನ್ನುವುದು ಅವಳೊಬ್ಬಳನ್ನು ಬಿಟ್ಟು ಸಭೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಶಾಸಕರು ಸಿಟ್ಟಾಗಲಿಲ್ಲ. ನಕ್ಕರು. 'ಅಲ್ಲಮ್ಮಾ, ಆ ಊರಿನ ಬೋರ್‌ವೆಲ್ ನೀರು ಅಷ್ಟು ಕೆಟ್ಟದ್ದಾ?' ಅಂತ ಮೆತ್ತಗೆ ಕೇಳಿದರು. ಹೌದು ಸರ್ ಅಂದಳು. ನೀರಿನ ಮಾದರಿ ತಂದಿದ್ದ ಬಾಟಲಿ ಅವಳ ಮೇಜಿನ ಮೇಲೇ ಇತ್ತು. 'ಕುಡಿದು ತೋರಿಸು, ನೋಡೋಣ' ಅಂದರು. ಅವಳಿಗೆ ತಮಾಷೆಯೋ ನಿಜವೋ ತಿಳಿಯಲಿಲ್ಲ. 'ಕುಡಿಯಮ್ಮಾ, ಜನ ಕುಡೀತಾರಲ್ಲ' ಅಂದರು, ಅದೇ ದನಿಯಲ್ಲಿ. ನಿಂತುಕೊಂಡೇ ಕುಡಿದಳು. ಅರ್ಧಕ್ಕೆ ನಿಲ್ಲಿಸಿದಾಗ 'ಪೂರ್ತಿ' ಅಂದರು. ಬಾಟಲಿ ಖಾಲಿಯಾದ ಮೇಲೆ 'ಏನೂ ಆಗಲಿಲ್ಲವಲ್ಲ, ಘಟಕ ಯಾಕೆ ಬೇಕು?' ಅಂತ ಹೇಳಿ ಸಭೆಯ ಕಡೆ ತಿರುಗಿದರು. ಮುಂದಿನ ಸಾಲಿನವರು ನಕ್ಕರು. ಹಿಂದಿನ ಸಾಲಿನವರು ಫೈಲು ನೋಡಿದರು. ಹುಡುಗಿ ಕಣ್ಣು ಒರೆಸಿಕೊಳ್ಳುತ್ತಾ ಕೂತಳು. ಮುಂದಿನ ಇಲಾಖೆ, ತೋಟಗಾರಿಕೆ.

ಊಟಕ್ಕೆ ಹೋಳಿಗೆ ಇತ್ತು. ಶಾಸಕರು ತುಪ್ಪ ಹಾಕಿಸಿಕೊಂಡು ಚೆನ್ನಾಗಿ ತಿಂದರು. ಸಂಜೆ ಉಸ್ತುವಾರಿ ಸಚಿವರು ಬಂದರು. ಇದೇ ಮನುಷ್ಯ ಕಾಲಿಗೆ ಬಿದ್ದು, ಕೈ ಕಟ್ಟಿ ನಿಂತು, 'ಸಾರ್, ನಮ್ಮ ಮಕ್ಕಳ ಹಲ್ಲು ಫ್ಲೋರೈಡ್‌ನಿಂದ ಹಾಳಾಗ್ತಿದೆ, ಏನಾದರೂ ಮಾಡಿ' ಅಂತ ಗಂಟಲು ಕಟ್ಟಿಕೊಂಡು ಹೇಳಿದರು. ಕಣ್ಣಲ್ಲಿ ನೀರೂ ಬಂತು. ಸಚಿವರು ಹೆಗಲು ತಟ್ಟಿದರು. ಮರುದಿನದ ಪೇಪರಿನಲ್ಲಿ ಬಂದದ್ದು ಆ ಫೋಟೋ. ಸಭೆಯ ನಡವಳಿಯಲ್ಲಿ ಬಂದದ್ದು ಒಂದು ಸಾಲು: 'ಕುಡಿಯುವ ನೀರಿನ ಗುಣಮಟ್ಟದ ಬಗ್ಗೆ ಸುದೀರ್ಘವಾಗಿ ಚರ್ಚಿಸಲಾಯಿತು.' ಹುಡುಗಿಗೆ ಬೇರೆ ಜಿಲ್ಲೆಗೆ ವರ್ಗ ಆಯಿತು. ಶಾಸಕರ ಶಿಫಾರಸು ಪತ್ರದಲ್ಲಿ 'ಸಾರ್ವಜನಿಕರ ದೂರಿನ ಮೇರೆಗೆ' ಅಂತ ಇತ್ತು.

ಇದನ್ನು ಇಷ್ಟುದ್ದ ಬರೆದದ್ದಕ್ಕೆ ಕಾರಣ ಇದೆ. ಬೈಗುಳ ನಮಗೆ ಹೊಸದಲ್ಲ. ಅದೇ ಕ್ಷೇತ್ರದಲ್ಲಿ ಹಿಂದೆ ಇದ್ದ ಇನ್ನೊಬ್ಬ ಶಾಸಕರು ಮಹಾ ಮುಂಗೋಪಿ. ಬಾಯಿ ತೆರೆದರೆ ಬೈಗುಳ. ಒಮ್ಮೆ ಫೈಲನ್ನೇ ನನ್ನ ಮೇಲೆ ಎಸೆದಿದ್ದರು. ಆದರೆ ಬೆಳಿಗ್ಗೆ ಎದ್ದು ತಾವೇ ಫೋನ್ ಮಾಡಿ 'ನಿನ್ನೆ ಜಾಸ್ತಿ ಆಯ್ತು ಕಣಯ್ಯಾ' ಅನ್ನುತ್ತಿದ್ದರು. ಯಾರ ವರ್ಗಾವಣೆಗೂ ಕೈ ಹಾಕಿದವರಲ್ಲ. ಗ್ರಾಮಲೆಕ್ಕಿಗನೊಬ್ಬನನ್ನು ಮರಳಿನವರು ಹೊಡೆದಾಗ ಠಾಣೆಯಲ್ಲಿ ಕೂತು ಎಫ್‌ಐಆರ್ ಹಾಕಿಸಿಯೇ ಎದ್ದರು. ಅವರ ಸಿಟ್ಟಿನ ಒಳಗೆ ಮನುಷ್ಯ ಇದ್ದ. ಬಾಟಲಿ ಕುಡಿಸಿದವರ ನಗುವಿನ ಒಳಗೆ ಯಾರೂ ಇರಲಿಲ್ಲ ಅನ್ನುವುದು ನನ್ನ ಅನಿಸಿಕೆ. ನಿಮ್ಮ ಸಮಿತಿಗೆ ಮಾತ್ರ ಆ ಮುಂಗೋಪಿ 'ಶಿಸ್ತಿಲ್ಲದ ಹಿರಿಯ', ಬಾಟಲಿ ಕುಡಿಸಿದವರು 'ಸೌಮ್ಯ ಸ್ವಭಾವದ ಯುವ ನಾಯಕ'. ಟಿಕೆಟ್ ಯಾರಿಗೆ ಸಿಕ್ಕಿತು ಅಂತ ಬೇರೆ ಹೇಳಬೇಕಾ?

ಈ ಗುಣ ಕಾಣುವುದು ಕೆಳಗಿನವರಿಗೆ ಮಾತ್ರ. ಮೇಲಿನವರಿಗೆ ಕಾಣುವುದು ಬಾಗಿದ ತಲೆ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಹಿರಿಯರು ಹೇಳಿದ್ದು ಇಂಥವರನ್ನು ನೋಡಿಯೇ ಇರಬೇಕು. ನೀವು ಟಿಕೆಟ್ ಕೊಡುವಾಗ ಕೇಳುವುದು ಊರನ್ನು. ಮನೆಯವರನ್ನು ಯಾರೂ ಕೇಳುವುದಿಲ್ಲ.

ನಿಮ್ಮ ವೀಕ್ಷಕರು ನಮ್ಮೂರ ಐಬಿಗೆ (ಸರ್ಕಾರಿ ಬಂಗಲೆಗೆ) ಬಂದು ಅಭಿಪ್ರಾಯ ಸಂಗ್ರಹ ಮಾಡುವುದನ್ನೂ ನೋಡಿದ್ದೇನೆ. ಬೇರೆ ಬೇರೆ ಪಕ್ಷದವರು, ಬೇರೆ ಬೇರೆ ಚುನಾವಣೆ, ಪ್ರಶ್ನೆಗಳು ಮಾತ್ರ ಅವೇ. ಯಾವ ಜಾತಿಯ ವೋಟು ಎಷ್ಟು? ಎಷ್ಟು ಖರ್ಚು ಹಾಕಬಲ್ಲ? ಎದುರಾಳಿ ಯಾರು? ಮಠದವರ ಒಲವು ಯಾವ ಕಡೆ? ಉತ್ತರ ಕೊಡುವವರು ಬ್ಲಾಕ್ ಅಧ್ಯಕ್ಷರು, ಗುತ್ತಿಗೆದಾರರು, ಮಾಜಿ ಸದಸ್ಯರು, ಅಂದರೆ ಆಕಾಂಕ್ಷಿಯ ಹಂಗಿನಲ್ಲಿ ಇರುವವರೋ ಹೊಟ್ಟೆಕಿಚ್ಚಿನಲ್ಲಿ ಇರುವವರೋ. ಟೀ ತಂದುಕೊಟ್ಟ ಐಬಿ ಮೇಟಿ ಅಲ್ಲೇ ನಿಂತಿರುತ್ತಾನೆ. ಆ ಆಕಾಂಕ್ಷಿ ಕುಡಿದಾಗ ಹೇಗಿರುತ್ತಾನೆ, ಕುಡಿಯದಿದ್ದಾಗ ಹೇಗಿರುತ್ತಾನೆ, ಮಧ್ಯರಾತ್ರಿ ಯಾರಿಗೆ ಫೋನ್ ಮಾಡಿ ಏನು ಹೇಳುತ್ತಾನೆ, ಎಲ್ಲ ಅವನಿಗೆ ಗೊತ್ತು. ಅವನನ್ನು ವೀಕ್ಷಕರು ಕೇಳಿದ್ದು ಸಕ್ಕರೆ ಕಡಿಮೆ ಹಾಕಲು.

ಹಾಸನದ ಪ್ರಕರಣವನ್ನೇ ತೆಗೆದುಕೊಳ್ಳಿ. 2024ರ ಏಪ್ರಿಲ್ 26ರ ಮತದಾನಕ್ಕೆ ಕೆಲವೇ ದಿನ ಇರುವಾಗ ಲೈಂಗಿಕ ದೌರ್ಜನ್ಯದ್ದು ಎನ್ನಲಾದ ವಿಡಿಯೋಗಳಿದ್ದ ಪೆನ್‌ಡ್ರೈವ್‌ಗಳು ಊರೂರಿನಲ್ಲಿ ಸಿಕ್ಕವು. ಮುಂದಿನ ವರ್ಷ ಆಗಸ್ಟ್ 2ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ಅತ್ಯಾಚಾರ ಪ್ರಕರಣವೊಂದರಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಿತು. ಅವರು ಮೇಲ್ಮನವಿ ಹೋಗಿದ್ದಾರೆ. ಅವರ ಮನಸ್ಸಿನ ಬಗ್ಗೆ ನನಗೇನೂ ಹೇಳಲಿಕ್ಕಿಲ್ಲ. ನಾನು ಕೇಳುವುದು ಬೇರೆ. ಆ ಪ್ರಕರಣದಲ್ಲಿ ದೂರು ಕೊಟ್ಟವರು ಯಾರು? ಮನೆಕೆಲಸದ ಮಹಿಳೆ. ವಿಡಿಯೋಗಳು ಯಾರ ಬಳಿ ಇದ್ದವು? ಮಾಜಿ ಡ್ರೈವರ್ ಬಳಿ. ಮಿತ್ರಪಕ್ಷದ ಸ್ಥಳೀಯ ಮುಖಂಡರೊಬ್ಬರು 2023ರ ಡಿಸೆಂಬರ್‌ನಲ್ಲೇ ತಮ್ಮ ಪಕ್ಷಕ್ಕೆ ಪತ್ರ ಬರೆದಿದ್ದೆ ಅಂತ ಹೇಳಿದ್ದೂ ಪತ್ರಿಕೆಗಳಲ್ಲಿ ಬಂತು. ಇಷ್ಟಾದ ಮೇಲೂ 'ನಮಗೇನೂ ಗೊತ್ತಿರಲಿಲ್ಲ' ಅಂತ ದೊಡ್ಡವರು ಹೇಳಿದರು. ಗೊತ್ತಿರಲಿಲ್ಲ ಅಂತಲೇ ಇಟ್ಟುಕೊಳ್ಳೋಣ. ಮನೆ ಕೆಲಸದವರಿಗೂ ಡ್ರೈವರ್‌ಗೂ ಗೊತ್ತಿದ್ದದ್ದು ಪಕ್ಷಕ್ಕೆ ಗೊತ್ತಾಗುವ ದಾರಿಯೇ ನಿಮ್ಮಲ್ಲಿ ಇಲ್ಲ ಅಂದಂತಾಯಿತಲ್ಲ.

ಒಂದೇ ಕಡೆಗೆ ಬೆರಳು ತೋರಿಸುತ್ತಿದ್ದೇನೆ ಅನ್ನಬೇಡಿ. 2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ಮುಟ್ಟುಗೋಲು ಹಾಕಿದ್ದ ಅದಿರು ಲಕ್ಷಗಟ್ಟಲೆ ಟನ್ ಮಾಯವಾಯಿತು. ಅಕ್ರಮ ಹಿಡಿದ ಅರಣ್ಯಾಧಿಕಾರಿಯನ್ನೇ ಅಮಾನತು ಮಾಡಲು ಆಗಿನ ಸರ್ಕಾರ ಹೊರಟಿತು. ಅದನ್ನು ಸಹಿಸಲಾಗದೆ ಲೋಕಾಯುಕ್ತ ಸಂತೋಷ್ ಹೆಗ್ಡೆ ರಾಜೀನಾಮೆ ಕೊಟ್ಟರು, ಆಮೇಲೆ ಒತ್ತಾಯಕ್ಕೆ ವಾಪಸ್ ತೆಗೆದುಕೊಂಡರು. ಆಗ ಇದ್ದದ್ದು ಬಿಜೆಪಿ ಸರ್ಕಾರ. ಅದೇ ಬೇಲೆಕೇರಿ ಪ್ರಕರಣದಲ್ಲಿ 2024ರ ಅಕ್ಟೋಬರ್‌ನಲ್ಲಿ 7 ವರ್ಷದ ಶಿಕ್ಷೆಯಾದದ್ದು ಕಾರವಾರದ ಕಾಂಗ್ರೆಸ್ ಶಾಸಕ ಸತೀಶ್ ಸೈಲ್ ಅವರಿಗೆ. ಶಿಕ್ಷೆಯನ್ನು ಹೈಕೋರ್ಟ್ ಅಮಾನತಿನಲ್ಲಿಟ್ಟಿತು. ಕೋರ್ಟಿನ ಹಾದಿ ಕೋರ್ಟ್ ನೋಡಿಕೊಳ್ಳಲಿ. ಮೊದಲು ಗೊತ್ತಾದದ್ದು ಬಂದರಿನಲ್ಲಿ ನಿಂತ ಅಧಿಕಾರಿಗೆ, ಮೊದಲು ಏಟು ತಿಂದದ್ದೂ ಅವರೇ. ಪಕ್ಷ ಬದಲಾದರೂ ಇದು ಬದಲಾಗಲಿಲ್ಲ.

ನೀವು ಹೇಳಬಹುದು, ಅಫಿಡವಿಟ್ ಇದೆಯಲ್ಲ ಅಂತ. ಇದೆ. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ ಕೇಸುಗಳನ್ನು ಘೋಷಿಸುವುದು ಕಡ್ಡಾಯವಾಯಿತು. ಏನಾಯಿತು? ಅಭ್ಯರ್ಥಿಗಳ ಅಫಿಡವಿಟ್ ಪರಿಶೀಲಿಸುವ ಎಡಿಆರ್ ಸಂಸ್ಥೆಯ ಲೆಕ್ಕದ ಪ್ರಕಾರ 2009ರಲ್ಲಿ ಗೆದ್ದ ಲೋಕಸಭಾ ಸದಸ್ಯರಲ್ಲಿ 162 ಮಂದಿ ತಮ್ಮ ಮೇಲೆ ಕ್ರಿಮಿನಲ್ ಕೇಸು ಇದೆ ಅಂತ ಬರೆದುಕೊಟ್ಟಿದ್ದರು. 2024ರಲ್ಲಿ 251. ನಮ್ಮದೇ 2023ರ ವಿಧಾನಸಭೆಯಲ್ಲಿ, ಅವರು ನೋಡಿದ 223 ಶಾಸಕರ ಪೈಕಿ 122. ಅಂದರೆ ಅಫಿಡವಿಟ್ ನೋಡಿ ನೀವೂ ಹೆದರಲಿಲ್ಲ, ನಾವೂ ಹೆದರಲಿಲ್ಲ.

ಆದರೆ ಅಫಿಡವಿಟ್ ಬಗ್ಗೆ ನನ್ನ ತಕರಾರು ಬೇರೆಯೇ. ಅದು ತಪ್ಪು ಜನರನ್ನೂ ಹಿಡಿಯುತ್ತದೆ. ರಸ್ತೆ ತಡೆ ಮಾಡಿದ ರೈತ ಮುಖಂಡನ ಮೇಲೆ ಕೇಸುಗಳ ರಾಶಿಯೇ ಇರುತ್ತದೆ. 1951ರಲ್ಲಿ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿ ಜೈಲಿಗೆ ಹೋದರು. ಬೆಂಬಲಿಸಲು ಬಂದ ಲೋಹಿಯಾ ಅವರನ್ನೂ ಬಂಧಿಸಿದರು. ಮುಂದಿನ ವರ್ಷ ಅದೇ ಸೀಮೆಯಿಂದ ಶಾಂತವೇರಿ ಗೋಪಾಲಗೌಡರು ವಿಧಾನಸಭೆಗೆ ಬಂದರು. ಆ ಸತ್ಯಾಗ್ರಹಿಗಳು ಈಗ ಚುನಾವಣೆಗೆ ನಿಂತರೆ ಟಿವಿಯಲ್ಲಿ ಎಲ್ಲರೂ 'ಕ್ರಿಮಿನಲ್ ಹಿನ್ನೆಲೆಯ ಅಭ್ಯರ್ಥಿಗಳು'. ಹುಡುಗಿಗೆ ಬಾಟಲಿ ಕುಡಿಸಿದ ನಮ್ಮ ಶಾಸಕರ ಅಫಿಡವಿಟ್‌ನಲ್ಲಿ ಕೇಸುಗಳ ಜಾಗದಲ್ಲಿ 'ಇಲ್ಲ' ಅಂತ ಇದೆ. ಯಾರು ಹಾಕಬೇಕು ಕೇಸು? ಹಾಕಿ ಎಲ್ಲಿ ಬದುಕಬೇಕು?

2020ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್ ನಿಮಗೆ ಇನ್ನೊಂದು ಮಾತು ಹೇಳಿತು. ಕೇಸು ಇರುವವರನ್ನು ಆರಿಸಿದರೆ ಯಾಕೆ ಆರಿಸಿದಿರಿ, ಕೇಸಿಲ್ಲದ ಬೇರೆಯವರು ಯಾಕೆ ಆಗಲಿಲ್ಲ ಅಂತ ಕಾರಣ ಬರೆದು ಪ್ರಕಟಿಸಿ. ಗೆಲ್ಲುವ ಸಾಮರ್ಥ್ಯ ಇದೆ ಅನ್ನುವುದೊಂದೇ ಕಾರಣ ಆಗುವಂತಿಲ್ಲ. 2021ರ ಆಗಸ್ಟ್‌ನಲ್ಲಿ, ಬಿಹಾರದ ಚುನಾವಣೆಯಲ್ಲಿ ಇದನ್ನು ಸರಿಯಾಗಿ ಪಾಲಿಸದ ಪಕ್ಷಗಳಿಗೆ ದಂಡವನ್ನೂ ಹಾಕಿತು. ಅದಾದ ಮೇಲೆ ನಿಮ್ಮ ಪಕ್ಷಗಳು ತುಂಬುವ ನಮೂನೆಗಳನ್ನು ಓದಿದ್ದೇನೆ. 'ಜನಪ್ರಿಯರು', 'ಸಮಾಜ ಸೇವಕರು', 'ರಾಜಕೀಯ ದ್ವೇಷದಿಂದ ಹಾಕಿದ ಸುಳ್ಳು ಕೇಸು'. ನಮ್ಮ ಕಚೇರಿಯಲ್ಲಿ ಅನುಪಾಲನಾ ವರದಿಯನ್ನು ಹೀಗೆ ಬರೆದರೆ ಕಾರ್ಯನಿರ್ವಾಹಕ ಅಧಿಕಾರಿ (ಇಓ) ವಾಪಸ್ ಎಸೆಯುತ್ತಿದ್ದರು.

ಗೆಲ್ಲುವ ಸಾಮರ್ಥ್ಯ ಅನ್ನುವ ಈ ಮಾತಿನ ಬಗ್ಗೆ ಸ್ವಲ್ಪ ಯೋಚಿಸಿ. ಯಾವುದಕ್ಕೂ ಹೆದರದಿರುವುದು, ಎಂಥ ಮಾತನ್ನೂ ಅಳುಕಿಲ್ಲದೆ ಆಡುವುದು, ಯಾರನ್ನು ಬೇಕಾದರೂ ಬಿಟ್ಟು ಮುಂದೆ ಹೋಗುವುದು. ಇವು ಚುನಾವಣೆಯಲ್ಲಿ ಉಪಯೋಗಕ್ಕೆ ಬರುತ್ತವೆ, ಸುಳ್ಳಲ್ಲ. ಅಮೆರಿಕದ ಅಧ್ಯಕ್ಷರ ಬಗ್ಗೆ 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅಳುಕಿಲ್ಲದ ದಿಟ್ಟತನ ಹೆಚ್ಚಿದ್ದವರ ಆಡಳಿತಕ್ಕೆ ಇತಿಹಾಸಕಾರರು ಒಳ್ಳೆಯ ಅಂಕವನ್ನೇ ಕೊಟ್ಟಿದ್ದರು. ಹಾಗಾಗಿ ಪುಕ್ಕಲರಿಗೆ ಟಿಕೆಟ್ ಕೊಡಿ ಅಂತ ನಾನು ಹೇಳುತ್ತಿಲ್ಲ. ಗೋಪಾಲಗೌಡರೇನು ಪುಕ್ಕಲರೇ? ದಿಟ್ಟತನ ಮೇಲಿನವರ ಮುಂದೆ ಕಾಣುತ್ತದೋ ಕೆಳಗಿನವರ ಮುಂದೆ ಮಾತ್ರ ಕಾಣುತ್ತದೋ ಅಂತ ನೋಡಿ ಅಂತಷ್ಟೇ. ಮಂತ್ರಿ ಮುಂದೆ ಕೈ ಕಟ್ಟಿ, ಜವಾನನ ಮುಂದೆ ತೊಡೆ ತಟ್ಟುವವನನ್ನು ನೀವು ಖಡಕ್ ನಾಯಕ ಅನ್ನಬೇಡಿ.

ಕೆಳಗಿನವರು ಮಾತಾಡುತ್ತಾರಾ, ಹೆದರುತ್ತಾರಲ್ಲ ಅಂತ ಕೇಳಬಹುದು. ಹೆದರುತ್ತಾರೆ. ಆದರೆ ಕೇಳುವವರು ಸರಿಯಾಗಿ ಕೇಳಿದರೆ ಹೇಳುತ್ತಾರೆ. ತುರ್ತು ಪರಿಸ್ಥಿತಿಯನ್ನು ನೆನಪು ಮಾಡಿಕೊಳ್ಳಿ. ಸಂಜಯ್ ಗಾಂಧಿಗೆ ಸರ್ಕಾರದಲ್ಲಿ ಯಾವ ಹುದ್ದೆಯೂ ಇರಲಿಲ್ಲ. ಆದರೂ ಅವರ ಬಾಯಿಂದ ಬಂದ ಮಾತಿಗೆ ಮುಖ್ಯಮಂತ್ರಿಗಳು ಓಡುತ್ತಿದ್ದರು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆ ನಡೆದವು. ಶಸ್ತ್ರಚಿಕಿತ್ಸೆಗೆ ಇಷ್ಟು ಜನರನ್ನು ಕರೆತರದಿದ್ದರೆ ಸಂಬಳ ಇಲ್ಲ ಅಂತ ಉತ್ತರ ಭಾರತದ ಕಡೆ ಮೇಷ್ಟ್ರುಗಳಿಗೂ ಗುರಿ ಕೊಟ್ಟರು. ಆಗ ಯಾರೂ ಬಾಯಿ ಬಿಡಲಿಲ್ಲ. ಇಲ್ಲೇ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಕಲಾವಿದೆ ಸ್ನೇಹಲತಾ ರೆಡ್ಡಿ ಅಸ್ತಮಾದಿಂದ ನರಳಿದರು, ಬಿಟ್ಟ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡರು. ಅವರ ಉಬ್ಬಸ ಕೇಳಿಸಿಕೊಂಡ ಜೈಲು ಸಿಬ್ಬಂದಿ ಇದ್ದರು. ಅವರೂ ಸುಮ್ಮನಿದ್ದರು.

ಅದೇ ವರ್ಷ, ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸಲು ನೇಮಿಸಿದ ಶಾ ಆಯೋಗ ಕೂತು ಕೇಳಲು ಶುರು ಮಾಡಿತು. ಆಗ ಬಂತು ನೋಡಿ. ಮೇಷ್ಟ್ರು, ಕಾನ್‌ಸ್ಟೇಬಲ್, ಆಸ್ಪತ್ರೆಯವರು, ಕಲೆಕ್ಟರು ಎಲ್ಲರ ಹತ್ತಿರವೂ ಹೇಳಲು ಇತ್ತು. ಶಸ್ತ್ರಚಿಕಿತ್ಸೆಗೆ ಸಂಬಂಧಿಸಿ 1,774 ಸಾವುಗಳನ್ನು ಆಯೋಗದ ವರದಿ ಲೆಕ್ಕ ಹಾಕಿತು. ಮದುವೆಯೇ ಆಗದವರಿಗೂ ಮಾಡಿದ್ದ ದೂರುಗಳು ಹೊರಗೆ ಬಂದವು. ಮಾಹಿತಿ ಮೊದಲೂ ಕೆಳಗೆ ಇತ್ತು. ಕೇಳುವವರು ಬಂದದ್ದು ಎಲ್ಲ ಮುಗಿದ ಮೇಲೆ.

ಹಾಗಾಗಿ ನನ್ನ ವಿನಂತಿ ಇಷ್ಟು. ಟಿಕೆಟ್ ಕೊಡುವ ಮುಂಚೆ, ಆ ವ್ಯಕ್ತಿಯ ಕೈಕೆಳಗೆ ಕೆಲಸ ಮಾಡಿದ ಕೆಲವರನ್ನು ವಿಚಾರಿಸಿ. ಡ್ರೈವರ್, ಪಿಎ, ಗನ್‌ಮ್ಯಾನ್, ಅವರ ಕಾಲೇಜಿನ ಗುಮಾಸ್ತೆ, ಪೆಟ್ರೋಲ್ ಬಂಕ್‌ನ ಹುಡುಗ, ಕ್ಷೇತ್ರದಲ್ಲಿ ಕೆಲಸ ಮಾಡಿ ನಿವೃತ್ತರಾದ ಅಧಿಕಾರಿಗಳು. ಈಗಿನವರು ಬೇಡ, ಬಿಟ್ಟು ಹೋದವರನ್ನು ಕೇಳಿ. ಯಾಕೆ ಬಿಟ್ಟರು ಅಂತ ಕೇಳಿ. ಐದು ವರ್ಷದಲ್ಲಿ ಎಷ್ಟು ಪಿಎಗಳು ಬದಲಾದರು ಅನ್ನುವುದೇ ನಿಮಗೆ ಸರ್ವೆಗಿಂತ ಜಾಸ್ತಿ ಹೇಳುತ್ತದೆ. ಹೆಸರು ಗುಟ್ಟಾಗಿಡಿ. ವಿಚಾರಿಸುವವರು ಆ ಜಿಲ್ಲೆಯವರಾಗಿರಬಾರದು, ಪಕ್ಷದ ಪದಾಧಿಕಾರಿಯಾಗಿರಬಾರದು. ನಿವೃತ್ತ ನ್ಯಾಯಾಧೀಶರೋ ಹೆಡ್‌ಮಾಸ್ಟರೋ ಆಗಲಿ. ಒಂದು ಸಣ್ಣ ಬ್ಯಾಂಕ್ ಕೂಡ ಕ್ಯಾಷಿಯರ್ ಕೆಲಸ ಕೊಡುವಾಗ ಹಿಂದಿನ ಮಾಲೀಕರನ್ನು ವಿಚಾರಿಸುತ್ತದೆ. ನೀವು ಮೂರು ಲಕ್ಷ ಜನರನ್ನು ಒಪ್ಪಿಸುತ್ತಿದ್ದೀರಿ.

ಸುಳ್ಳು ದೂರು ಬರುತ್ತದೆ ಅಂತ ಆಕ್ಷೇಪ ಬರುತ್ತದೆ. ಬರಲಿ. ಒಬ್ಬ ಹೇಳಿದ್ದನ್ನು ನಂಬಬೇಡಿ. ಒಬ್ಬರಿಗೊಬ್ಬರು ಪರಿಚಯ ಇಲ್ಲದ ನಾಲ್ಕು ಜನ ಒಂದೇ ಥರದ ಸಂಗತಿ ಹೇಳಿದರೆ ಮಾತ್ರ ನಿಂತು ಯೋಚಿಸಿ.

ಕಾರಣ ಬರೆಯುವ ನಮೂನೆಯನ್ನು ವಿಧಾನಸಭೆ, ಲೋಕಸಭೆಗೆ ಮಾತ್ರ ಇಟ್ಟುಕೊಳ್ಳಬೇಡಿ. ತಾಲೂಕು, ಜಿಲ್ಲಾ ಪಂಚಾಯತಿಗೂ ಪಾಲಿಕೆಗೂ ನೀವಾಗಿಯೇ ತನ್ನಿ. ಈ ಪಂಚಾಯತಿಗಳ ಹಿಂದಿನ ಅವಧಿ ಮುಗಿದದ್ದು 2021ರಲ್ಲಿ, ಆಮೇಲೆ ವರ್ಷಗಟ್ಟಲೆ ಚುನಾವಣೆ ಮಾಡದೆ ತಳ್ಳಿದಿರಿ. ಆ ಸಿಟ್ಟು ಬೇರೆ ಪತ್ರಕ್ಕೆ ಇರಲಿ. ಆದರೆ ದರ್ಪದ ಪಾಠಶಾಲೆ ಅಲ್ಲೇ. ಪಂಚಾಯತಿ ಸದಸ್ಯನಾಗಿದ್ದಾಗ ಬಿಲ್ ಕಲೆಕ್ಟರ್‌ಗೆ ಹೊಡೆದು ದಕ್ಕಿಸಿಕೊಂಡವನು ಶಾಸಕನಾದ ಮೇಲೆ ತಹಶೀಲ್ದಾರ್ ಮೇಲೆ ಕೈ ಎತ್ತುತ್ತಾನೆ.

ಹೆಣ್ಣುಮಕ್ಕಳ ದೂರು ಕೇಳಲು ಪಕ್ಷದ ಒಳಗೆ ಒಂದು ಸಮಿತಿ ಇರಲಿ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಪಕ್ಷಗಳು ಸಮಿತಿ ಮಾಡಲೇಬೇಕು ಅಂತೇನಿಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಮಾಡಬಾರದು ಅಂತ ಯಾರೂ ಹೇಳಿಲ್ಲ. ಅಧ್ಯಕ್ಷೆ ಹೊರಗಿನವರಾಗಿರಲಿ, ಫೋನ್ ನಂಬರ್ ಕಚೇರಿ ಗೋಡೆ ಮೇಲೆ ಇರಲಿ.

ಕೆಡಿಪಿ ಸಭೆಗಳನ್ನು ನೇರ ಪ್ರಸಾರ ಮಾಡುವಂತೆ, ಸರ್ಕಾರ ನಡೆಸುವ ಪಕ್ಷ ಯಾವುದೇ ಇರಲಿ, ಆದೇಶ ಮಾಡಿಸಿ. ವಿಧಾನಸಭೆಯನ್ನೇ ಟಿವಿಯಲ್ಲಿ ತೋರಿಸುವಾಗ ತಾಲೂಕು ಸಭಾಂಗಣಕ್ಕೆ ಒಂದು ಕ್ಯಾಮೆರಾ ದುಬಾರಿಯಲ್ಲ.

ಇನ್ನೊಂದು, ನನ್ನ ಪ್ರಕಾರ ಇದು ಎಲ್ಲಕ್ಕಿಂತ ಸುಲಭ. ನಿಮ್ಮವರು ಯಾರಿಗಾದರೂ ಹೊಡೆದ ವಿಡಿಯೋ ಬಂದಾಗ 'ಪ್ರೀತಿಯಿಂದ ತಟ್ಟಿದ್ದು' ಅಂತ ಹೇಳಿಕೆ ಕೊಡುವುದನ್ನು ನಿಲ್ಲಿಸಿ. ಆ ಹೇಳಿಕೆ ಬರೆಯುವ ನಿಮ್ಮ ಮಾಧ್ಯಮ ವಿಭಾಗದ ಹುಡುಗರಿಗೂ ಅದು ಪ್ರೀತಿ ಅಲ್ಲ ಅಂತ ಗೊತ್ತು.

ನೀವು ಉತ್ತರ ಬರೆಯುವುದಾದರೆ ಎಲ್ಲರೂ ಓದುವಂತೆ ಬರೆಯಿರಿ. ಬರೆಯದಿದ್ದರೂ, ಮುಂದಿನ ಸಲ ವೀಕ್ಷಕರನ್ನು ಕಳಿಸುವಾಗ ಅವರು ಕೇಳಬೇಕಾದ ಪ್ರಶ್ನೆಗಳ ಪಟ್ಟಿಯನ್ನು ಪೇಪರಿನಲ್ಲಿ ಹಾಕಿ. ಜಾತಿ, ದುಡ್ಡಿನ ಪ್ರಶ್ನೆ ತೆಗೆಯುತ್ತೀರಿ ಅನ್ನುವ ಭ್ರಮೆ ನನಗಿಲ್ಲ. ಅವುಗಳ ಜೊತೆ ಇದೊಂದನ್ನು ಸೇರಿಸಿ: 'ಇವರ ಕೈಕೆಳಗೆ ನೀವು ಮತ್ತೆ ಕೆಲಸ ಮಾಡುತ್ತೀರಾ?' ಉತ್ತರ ಹೇಳಲು ತಯಾರಿರುವ ನಿವೃತ್ತರು ಪ್ರತಿ ತಾಲೂಕಿನಲ್ಲೂ ಇದ್ದಾರೆ. ಐಬಿಗೆ ಬರಲು ಹೇಳಿದರೆ ನಾನೂ ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ತಾಲೂಕು ಪಂಚಾಯತಿಯ ಒಬ್ಬ ನಿವೃತ್ತ ನೌಕರ